ವೇದಿಕೆ ಮೇಲಿನವರು ಯಾರು, ಕೆಲಸ ಮುಗಿಸಿದವರು ಯಾರು?

(ಆಲಂಕಾರಿನ ಕನ್ನಡಾಭಿಮಾನಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ಮಾತನ್ನು ನಾನು ಸಭೆಯಲ್ಲಿ ಆಡಿದಾಗ ಎದುರಿಗೆ ಇದ್ದವರು ಐವತ್ತೋ ಅರುವತ್ತೋ ಮಂದಿ. ಅಂದು ಬಾರದೆ ಇದ್ದ ನಿಮಗೂ ಮುಟ್ಟಲಿ ಎಂದು ಬರೆದು ಕೊಟ್ಟಿದ್ದೇನೆ. ಬರಹಗಾರನ ಬರಹ ಅಲ್ಲ ಇದು, ಪ್ರೆಸ್ಸಿನವನ ಬರಹ. ತಪ್ಪಿದ್ದರೆ ಪ್ರೂಫ್ ನೋಡಿದವನೂ ನಾನೇ.

ಸಭೆಗೆ ಒಂದು ವಾರ ಮೊದಲು ಸಂಘಟಕರು ಫೋನು ಮಾಡಿ "ನಿಮ್ಮ ಬಯೋಡಾಟಾ ಕಳಿಸಿ, ಪರಿಚಯ ಮಾಡ್ಲಿಕ್ಕೆ ಬೇಕು" ಎಂದರು. ಇಪ್ಪತ್ತೈದು ವರ್ಷಗಳಿಂದ ನಾನು ಊರ ಮಂದಿಯ ಪರಿಚಯ ಅಚ್ಚು ಹಾಕುತ್ತಿದ್ದೇನೆ. ಸನ್ಮಾನ ಪತ್ರ ಎಷ್ಟು ಮಾಡಿದ್ದೇನೋ ಲೆಕ್ಕ ಇಲ್ಲ. ನನ್ನದೇ ಪರಿಚಯ ಬರೆಯಲು ಕೂತಾಗ ಮಾತ್ರ ನಾಲ್ಕು ಸಾಲಿನ ಮೇಲೆ ಪೆನ್ನು ಓಡಲಿಲ್ಲ. ಹೆಸರು ಬರೆದೆ. ಊರು ಬರೆದೆ. ವಿದ್ಯಾರ್ಹತೆ ಎಂದು ಬರೆದು ಅದರ ಮುಂದೆ ಪಿಯುಸಿ ಎಂದು ಬರೆಯುವಾಗ, ಸುಳ್ಳು ಹೇಳುವುದಿಲ್ಲ ಸ್ವಾಮೀ, ಕೈ ಸ್ವಲ್ಪ ತಡೆಯಿತು. ಆಮೇಲೆ ಅದನ್ನು ಹೊಡೆದು ಹಾಕಿ "ಮುದ್ರಣಾಲಯದ ಮಾಲಕರು" ಎಂದಷ್ಟೇ ಬರೆದು ಕಳಿಸಿದೆ.

ನಾನು ಯಾಕೆ ನಾಚಿದೆ? ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಕಳೆದ ವರ್ಷ ಘಟ್ಟದ ಕೆಳಗಿನ ಒಂದು ಕಾಲೇಜಿನವರು ನನ್ನಲ್ಲಿಗೆ ಒಂದು ಕೆಲಸ ತಂದರು. ಕಾಲೇಜಿನ ಹೆಸರು ಬೇಡ, ಗಿರಾಕಿಗಳ ಹೆಸರು ಹೇಳುವುದು ನಮ್ಮ ಕಸುಬಿನ ಮರ್ಯಾದೆ ಅಲ್ಲ. ಎರಡು ದಿನದ ಸಮ್ಮೇಳನ. ವಿಷಯ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ಅಂದರೆ ಒಂದು ದೊಡ್ಡ ಕೆಲಸವನ್ನು ಹೇಳಿದ ದಿನಕ್ಕೆ, ಹೇಳಿದ ಖರ್ಚಿನಲ್ಲಿ, ಹೇಳಿದ ಹಾಗೆ ಮುಗಿಸಿ ಕೊಡುವ ವಿದ್ಯೆ. ಇಪ್ಪತ್ತನಾಲ್ಕು ಪುಟದ ಪುಸ್ತಿಕೆ, ಅದರಲ್ಲಿ ಹನ್ನೊಂದು ಮಂದಿ ಭಾಷಣಕಾರರ ಫೋಟೋ ಮತ್ತು ಪರಿಚಯ, ಎಲ್ಲವೂ ಇಂಗ್ಲಿಷಿನಲ್ಲಿ. "ಕನ್ನಡದಲ್ಲೊಂದು ಪುಟ ಹಾಕುವ ಸರ್, ಅನುವಾದ ನಾನೇ ಮಾಡಿಸಿ ಕೊಡ್ತೇನೆ, ದುಡ್ಡು ಬೇಡ" ಎಂದೆ. ಬಂದಿದ್ದ ಮೇಷ್ಟ್ರು ನಕ್ಕು, "ಬರುವವರಿಗೆಲ್ಲ ಇಂಗ್ಲಿಷ್ ಬರ್ತದೆ ಮಾರಾಯ್ರೇ, ಯಾಕೆ ಸುಮ್ಮನೆ ಒಂದು ಪುಟ ದಂಡ" ಎಂದರು. ಒಳ್ಳೆಯ ಮನುಷ್ಯ. ಮನಸ್ಸಿನಲ್ಲಿ ದ್ವೇಷ ಇಟ್ಟುಕೊಂಡು ಹೇಳಿದ ಮಾತಲ್ಲ. ಅಂಥ ಮಾತೇ ಹೆಚ್ಚು ಅಪಾಯ ಎಂಬುದು ಬೇರೆ ವಿಷಯ.

ಪ್ರೂಫ್ ನೋಡುವವನು ಅಕ್ಷರ ಬಿಡದೆ ಓದಬೇಕಾಗುತ್ತದೆ. ನನ್ನ ಇಂಗ್ಲಿಷ್ ಪಿಯುಸಿಯ ಇಂಗ್ಲಿಷ್. ಆದರೂ ಡಿಕ್ಷನರಿ ಪಕ್ಕದಲ್ಲಿ ಇಟ್ಟುಕೊಂಡು ಹನ್ನೊಂದೂ ಪರಿಚಯಗಳನ್ನು ಎರಡೆರಡು ಸಲ ಓದಿದೆ. ಏಳು ಮಂದಿ ಸಾಫ್ಟ್‌ವೇರ್ ಕಂಪೆನಿಯವರು. ಇಬ್ಬರು ಪ್ರೊಫೆಸರರು. ಒಬ್ಬರು ಸೈನ್ಯದಿಂದ ನಿವೃತ್ತರಾದವರು. ಒಬ್ಬರು ಕಟ್ಟಡ ಕಂಪೆನಿಯವರು. ಡಿಗ್ರಿಗಳು, ಹೆಸರಿನ ಹಿಂದೆ ಮೂರು ಮೂರು ಅಕ್ಷರದ ಸರ್ಟಿಫಿಕೇಟುಗಳು, ಎಷ್ಟು ವರ್ಷದ ಅನುಭವ, ಎಷ್ಟು ದೇಶಗಳಲ್ಲಿ ಕೆಲಸ, ಎಷ್ಟು ಮಿಲಿಯ ಡಾಲರು. ಯಾರ ಯೋಗ್ಯತೆಯನ್ನೂ ನಾನು ಸಂದೇಹಿಸುವವನಲ್ಲ. ಆದರೆ ಓದಿ ಮುಗಿಸಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಮುಗಿಸಿದ ಒಂದೇ ಒಂದು ಕೆಲಸದ ಹೆಸರೂ ಆ ಪುಸ್ತಿಕೆಯಲ್ಲಿ ಇಲ್ಲ! ಇಂಥ ಸೇತುವೆ, ಇಂಥ ಆಸ್ಪತ್ರೆ, ಇಂಥ ಊರಿನ ನೀರಿನ ಟಾಂಕಿ, ಇಂಥ ಬ್ಯಾಂಕಿನ ಕಂಪ್ಯೂಟರ್ ಲೆಕ್ಕ ಎಂದು ಎಲ್ಲೂ ಇಲ್ಲ. ಸೈನ್ಯದವರು ಮಾತ್ರ ಒಂದು ರಸ್ತೆಯ ಹೆಸರು ಹಾಕಿದ್ದರು. ತಡವಾದ ಕೆಲಸ, ಕೆಟ್ಟುಹೋದ ಕೆಲಸ ಯಾರಿಗೂ ಇರಲಿಲ್ಲ. ಹಾಗಾದರೆ ಕೇಳಲು ಹೋದ ಮಕ್ಕಳು ಕಲಿಯುವುದು ಯಾವುದರಿಂದ?

ಪುಸ್ತಿಕೆ ಕೊಡಲು ಹೋದದ್ದು ಸಮ್ಮೇಳನದ ಹಿಂದಿನ ರಾತ್ರೆ. ಹೊಸ ಸಭಾಂಗಣ, ಅದರ ಉದ್ಘಾಟನೆಯೂ ಮರುದಿನವೇ. ಒಳಗೆ ನೋಡಿದರೆ ನೆಲದ ಟೈಲ್ಸ್ ಇನ್ನೂ ಕೂರಿಸುತ್ತಿದ್ದಾರೆ! ಕೊಪ್ಪಳ ಕಡೆಯ ಒಬ್ಬ ಮೇಸ್ತ್ರಿ. ಅವರ ಕೈಕೆಳಗೆ ಅದೇ ಕಡೆಯ ಕೆಲವರು, ಝಾರ್ಖಂಡಿನ ಹುಡುಗರು ಕೆಲವರು, ವಯರಿಂಗಿಗೆ ನಮ್ಮ ಊರಿನ ಇಬ್ಬರು, ಬಣ್ಣದವರು ಗಡಿಯ ಆಚೆಯ ಮಲಯಾಳಿಗಳು. ಆ ಮನುಷ್ಯ ಒಂದೇ ಉಸಿರಿಗೆ ನಾಲ್ಕು ಭಾಷೆಯಲ್ಲಿ ಕೆಲಸ ಹೇಳುತ್ತಿದ್ದರು. ಬಣ್ಣದವರನ್ನು ನಿಲ್ಲಿಸಿದರು, ಯಾಕೆಂದರೆ ಧೂಳು ಕೂತರೆ ಬಣ್ಣ ಕೆಡುತ್ತದೆ. ವಯರಿಂಗಿನವರನ್ನು ವೇದಿಕೆಯ ಕಡೆಗೆ ಓಡಿಸಿದರು. ಹುಡುಗರಲ್ಲಿ ಅರ್ಧ ಮಂದಿಯನ್ನು ಎರಡು ಗಂಟೆ ಮಲಗಲು ಕಳಿಸಿದರು, ಬೆಳಗ್ಗೆ ನಾಲ್ಕು ಗಂಟೆಗೆ ಅವರು ಎದ್ದು ಬರಬೇಕಲ್ಲ. ಮರುದಿನ ಒಂಬತ್ತೂವರೆಗೆ ದೀಪ ಬೆಳಗಿತು, ಮೇಲೆ ಬ್ಯಾನರಿನಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್! ಆಗ ಮೇಸ್ತ್ರಿ ಹಿಂದಿನ ಶೆಡ್ಡಿನಲ್ಲಿ ನಿದ್ದೆ ಮಾಡುತ್ತಿದ್ದರು.

ಮೇಸ್ತ್ರಿ ಎಂಬ ಶಬ್ದವೇ ಪೋರ್ಚುಗೀಸರಿಂದ ಬಂದದ್ದು, ಅವರ ಭಾಷೆಯಲ್ಲಿ ಕಸುಬಿನ ಗುರು ಎಂದು ಅರ್ಥ. ನಾವು ಆ ಶಬ್ದವನ್ನು ಕೂಲಿ ಲೆಕ್ಕ ಹಾಕುವವನ ಮಟ್ಟಕ್ಕೆ ಇಳಿಸಿದೆವು, ಅದೇ ಕೆಲಸಕ್ಕೆ ಇಂಗ್ಲಿಷಿನ ಎರಡು ಶಬ್ದ ಬಂದ ಕೂಡಲೇ ಕುರ್ಚಿ ಹಾಕಿ ಕೂರಿಸಿದೆವು.

ಈಗ ನೀವು ಕೇಳಬಹುದು, ಇಂಥ ಸಮ್ಮೇಳನ ಎಲ್ಲಿಂದ ಶುರುವಾಯಿತು, ಮೊದಲು ಮಾತಾಡಿದವರು ಯಾರು ಎಂದು. ನಾನೂ ಹುಡುಕಿ ಓದಿದೆ. ಅಮೆರಿಕದ ಅಟ್ಲಾಂಟಾದಲ್ಲಿ ಜಾರ್ಜಿಯಾ ಟೆಕ್ ಎಂಬ ಕಾಲೇಜಿನಲ್ಲಿ 1969ರ ಅಕ್ಟೋಬರದಲ್ಲಿ 83 ಮಂದಿ ಸೇರಿದ್ದರು. ಅಲ್ಲಿ ಹುಟ್ಟಿದ್ದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್. ಇವತ್ತು ಜಗತ್ತಿಗೆಲ್ಲ ಸರ್ಟಿಫಿಕೇಟು ಕೊಡುವ ಸಂಸ್ಥೆ ಅದು, ಬೆಂಗಳೂರಿನಲ್ಲೂ ಅದರ ಶಾಖೆ ಇದೆ. ಅದನ್ನು ಕಟ್ಟಿದವರ ಕಸುಬು ನೋಡಿ. ಜೇಮ್ಸ್ ಸ್ನೈಡರ್ ಮತ್ತು ಸೂಸನ್ ಗಲ್ಲಘರ್ ಇಬ್ಬರೂ ಮದ್ದು ತಯಾರಿಸುವ ಕಂಪೆನಿಯವರು. ನೆಡ್ ಎಂಗ್‌ಮನ್ ಕಂಪ್ಯೂಟರ್ ಲೆಕ್ಕದ ಕಂಪೆನಿಯವರು. ಎರಿಕ್ ಜೆನೆಟ್ ಕಟ್ಟಡ ಗುತ್ತಿಗೆಯ ಕಂಪೆನಿಯವರು. ಗಾರ್ಡನ್ ಡೇವಿಸ್ ಅದೇ ಕಾಲೇಜಿನ ಮೇಷ್ಟ್ರು. ಅವರು ತೋರಿಸಲು ಮೂರಕ್ಷರದ ಸರ್ಟಿಫಿಕೇಟೇ ಆಗ ಹುಟ್ಟಿರಲಿಲ್ಲ. ಮೊದಲ ಸರ್ಟಿಫಿಕೇಟು ಬಂದದ್ದು 1984ರಲ್ಲಿ. ಹಾಗಾದರೆ ಆ 83 ಮಂದಿ ಒಬ್ಬರಿಗೊಬ್ಬರು ಏನನ್ನು ತೋರಿಸಿಕೊಂಡಿರಬೇಕು? ತಾವು ಮಾಡಿದ ಕೆಲಸವನ್ನು. ಇನ್ನೂ ಹಿಂದೆ ಹೋದರೆ ಹೆನ್ರಿ ಗ್ಯಾಂಟ್. ಯಾವ ಕೆಲಸ ಯಾವ ದಿನ ಶುರು, ಯಾವ ದಿನ ಮುಗಿವು ಎಂದು ಪಟ್ಟಿ ಎಳೆದು ತೋರಿಸುವ ಚಾರ್ಟಿಗೆ ಇವತ್ತಿಗೂ ಆತನದೇ ಹೆಸರು. ಆತ ಇಂಜಿನಿಯರ್ ಆಗುವ ಮೊದಲು ಶಾಲೆ ಮೇಷ್ಟ್ರು! ಹುಟ್ಟಿದ್ದು 1861ರಲ್ಲಿ, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ವರ್ಷವೇ. ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕದೆ ಇಂಥ ಸಮ್ಮೇಳನ ಶುರುವಾಗುವುದಿಲ್ಲ. ಹಾರ ಹಾಕಿದ ಮೇಲೆ ಅವರ ಸುದ್ದಿ ಮುಗಿಯಿತು.

ನಾನು ಪರಿಚಯ ಕಾರ್ಡು ಮಾಡುವುದಾದರೆ ಹೇಗೆ ಮಾಡುತ್ತೇನೆ ಎಂದು ಹೇಳುತ್ತೇನೆ ಕೇಳಿ. ಮೊದಲು ಡಿಗ್ರಿ ಇದ್ದ ದೊಡ್ಡವರೊಬ್ಬರಿಂದಲೇ ಶುರು ಮಾಡುವ, ಪಿಯುಸಿಯವನು ಓದಿದವರ ಮೇಲೆ ಹೊಟ್ಟೆಕಿಚ್ಚು ಪಟ್ಟ ಎಂದಾಗಬಾರದು.

ಇ. ಶ್ರೀಧರನ್. ಕಾಕಿನಾಡದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದವರು. ಸ್ವಲ್ಪ ಕಾಲ ಕಲ್ಲಿಕೋಟೆಯ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿದರು, ಆಮೇಲೆ ರೈಲ್ವೆ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಪಾಂಬನ್ ಸೇತುವೆಯ ಭಾಗ ಸಮುದ್ರಪಾಲಾದಾಗ ಸರಿಪಡಿಸಲು ರೈಲ್ವೆ ಇಟ್ಟ ಗಡುವು ಆರು ತಿಂಗಳು. ಅವರು ಮುಗಿಸಿದ್ದು 46 ದಿನದಲ್ಲಿ. 1990ರಲ್ಲಿ ಕೊಂಕಣ ರೈಲ್ವೆ ಕಂಪೆನಿ ಆದಾಗ ಅದರ ಮುಖ್ಯಸ್ಥರಾದರು. ಮಹಾರಾಷ್ಟ್ರದ ರೋಹಾದಿಂದ ನಮ್ಮ ಮಂಗಳೂರಿನ ತೋಕೂರಿನವರೆಗೆ ಸುಮಾರು 740 ಕಿಲೋಮೀಟರು, 90ಕ್ಕೂ ಹೆಚ್ಚು ಸುರಂಗ. ಇಷ್ಟು ಎಲ್ಲರೂ ಬರೆಯುತ್ತಾರೆ. ನನ್ನ ಕಾರ್ಡಿನಲ್ಲಿ ಇನ್ನೂ ಒಂದು ಸಾಲು ಇರುತ್ತದೆ: ಐದು ವರ್ಷದಲ್ಲಿ ಮುಗಿಸುತ್ತೇವೆ ಎಂದು ಹೊರಟ ಕೆಲಸ ಪೂರ್ತಿಯಾದದ್ದು 1998ರ ಜನವರಿ 26ರಂದು, ಗೋವೆಯ ಪೆರ್ನೆಮ್ ಸುರಂಗದ ಮೆದು ಮಣ್ಣು ಕುಸಿದು ಕುಸಿದು ತಡ ಮಾಡಿತು. ಈ ಸಾಲಿನಿಂದ ಶ್ರೀಧರನ್ನರ ಗೌರವ ಕಡಿಮೆಯಾಗುತ್ತದೆಯೇ? ನನಗೆ ಹಾಗೆ ಕಾಣುವುದಿಲ್ಲ. ಬಂಡೆಗಿಂತ ಮೆದು ಮಣ್ಣು ಕಷ್ಟ ಎಂಬುದು ಮಣ್ಣಿನೊಳಗೆ ಹೋದವನಿಗಲ್ಲದೆ ಬೇರೆಯವರಿಗೆ ಗೊತ್ತಾಗುವುದು ಹೇಗೆ?

ಇದನ್ನು ಹೇಳುವಾಗ ನಮ್ಮದೇ ರೈಲಿನ ನೆನಪಾಗುತ್ತದೆ. ಮಂಗಳೂರು–ಹಾಸನ ಸಣ್ಣ ಹಳಿಯನ್ನು ದೊಡ್ಡ ಹಳಿ ಮಾಡುತ್ತೇವೆ ಎಂದು 1996ರಲ್ಲಿ ಘಾಟಿಯ ರೈಲು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಘಾಟಿ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ನಾನು ಆ ವರ್ಷಗಳಲ್ಲಿ ಕಾಗದ ತರಲು ಬೆಂಗಳೂರಿಗೆ ರಾತ್ರೆ ಬಸ್ಸಿನಲ್ಲಿ ಶಿರಾಡಿ ಘಾಟಿಯ ಹೊಂಡಗಳನ್ನು ಎಣಿಸಿಕೊಂಡು ಹೋದವನು. ಆ ಹನ್ನೊಂದು ವರ್ಷದ ಬಗ್ಗೆ ಯಾವ ಸಮ್ಮೇಳನದಲ್ಲಾದರೂ ಯಾರಾದರೂ ಒಂದು ಗಂಟೆ ಮಾತಾಡಿದ್ದರೆ ನಾನು ಟಿಕೇಟು ತೆಗೆದು ಹೋಗಿ ಕೇಳುತ್ತಿದ್ದೆ.

ಇನ್ನೊಂದು ಕಾರ್ಡು. ವಾರಣಾಶಿ ಸುಬ್ರಾಯ ಭಟ್ಟರು, ಅಡ್ಯನಡ್ಕ. ಕಸುಬು ಕೃಷಿ. ಎಪ್ಪತ್ತರ ದಶಕದ ಮೊದಲಿಗೆ ಅಡಿಕೆಯ ಬೆಲೆ ನೆಲಕ್ಕೆ ಬಿದ್ದಾಗ ಎರಡು ರಾಜ್ಯದ ಬೆಳೆಗಾರರನ್ನು ಸೇರಿಸಿ 1973ರ ಜುಲೈಯಲ್ಲಿ ಕ್ಯಾಂಪ್ಕೋ ಕಟ್ಟಿದವರು. ಕರ್ನಾಟಕ ಒಂದು, ಕೇರಳ ಒಂದು. ಎರಡು ಸರಕಾರ, ಎರಡು ಕಾನೂನು, ಎರಡು ಭಾಷೆ. ಆಮೇಲೆ ಕೊಕ್ಕೋ ಬೆಳೆಯಿರಿ ಎಂದು ಆಸೆ ಹುಟ್ಟಿಸಿದ್ದ ಕಂಪೆನಿಗಳು ಬೆಲೆ ಕುಸಿದ ಕೂಡಲೇ ಹಿಂದೆ ಸರಿದಾಗ, ರೈತರು ಗಿಡ ಕಡಿದು ಹಾಕುವ ಹೊತ್ತಿಗೆ, ಕೊಕ್ಕೋವನ್ನೂ ಕೊಳ್ಳುತ್ತೇವೆ ಎಂದು ನಿಂತದ್ದು ಕ್ಯಾಂಪ್ಕೋ. ಕೊಂಡದ್ದನ್ನು ಏನು ಮಾಡುವುದು? ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆ. 1986ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ಜೈಲ್ ಸಿಂಗರು ಬಂದು ಉದ್ಘಾಟಿಸಿದರು. ನಾನು ಆಗ ಸಣ್ಣ ಹುಡುಗ, ಹಿರಿಯರು ಪುತ್ತೂರಿಗೆ ಹೋಗಿ ಬಂದು ಆ ಜನಸಾಗರದ ಸುದ್ದಿ ಹೇಳಿದ್ದು ನೆನಪಿದೆ. ಇವತ್ತು ಪ್ರಾಜೆಕ್ಟಿನ ಪುಸ್ತಕಗಳಲ್ಲಿ 'ಸ್ಟೇಕ್‌ಹೋಲ್ಡರ್' ಎಂದು ಒಂದು ಅಧ್ಯಾಯವೇ ಇರುತ್ತದಂತೆ, ಅಂದರೆ ಆ ಕೆಲಸದಲ್ಲಿ ಲಾಭ ನಷ್ಟ ಇದ್ದವರನ್ನೆಲ್ಲ ಜತೆಗೆ ಇಟ್ಟುಕೊಳ್ಳುವುದು. ಅಡಿಕೆ ಬೆಳೆಗಾರರನ್ನು ಒಂದು ಮಾತಿಗೆ ತರುವುದು ಎಂದರೆ ಏನೆಂದು ನಮ್ಮ ಸೊಸೈಟಿಯ ಮಹಾಸಭೆಗೆ ಒಮ್ಮೆ ಬಂದು ನೋಡಿದವರಿಗೆ ಗೊತ್ತು! ಆ ಅಧ್ಯಾಯವನ್ನು ಭಟ್ಟರು ಅಡಿಕೆ ತೋಟದ ಬದುವಿನಲ್ಲಿ ಕಲಿತಿರಬೇಕು.

ಅದೇ ಅಡ್ಯನಡ್ಕದ ಬಳಿಯ ಕೇಪು ಗ್ರಾಮದವರು ಅಮೈ ಮಹಾಲಿಂಗ ನಾಯ್ಕರು. ಶಾಲೆಯ ಮುಖ ಕಂಡವರಲ್ಲ. ಕಸುಬು ಕೂಲಿ, ಅಡಿಕೆ ತೆಂಗಿನ ಮರ ಹತ್ತುವುದು. ತೋಟದ ಯಜಮಾನರು ಕೊಟ್ಟ ಬೋಳುಗುಡ್ಡದಲ್ಲಿ ನೀರಿಲ್ಲ. ಹಗಲು ಕೂಲಿ ಮಾಡಿ, ಬಂದ ಮೇಲೆ ದೀಪ ಹಿಡಿದು ಒಬ್ಬರೇ ಸುರಂಗ ಕೊರೆದರು. ಒಂದು ಸುರಂಗ ಒಣಗಿಯೇ ಹೋಯಿತು. ಬಿಟ್ಟು ಇನ್ನೊಂದು. ಅದೂ ಹೋಯಿತು. ಹೀಗೆ ಒಂದರ ಮೇಲೊಂದು ವರ್ಷಗಟ್ಟಲೆ, ಊರವರು ನಗುವಷ್ಟು. ಕೊನೆಗೆ ನೀರು ಬಂತು, ಗುಡ್ಡ ತೋಟವಾಯಿತು, 2022ರಲ್ಲಿ ಪದ್ಮಶ್ರೀ ಬಂತು. ಅವರ ಕಾರ್ಡಿನಲ್ಲಿ ನಾನು ದಪ್ಪ ಅಕ್ಷರದಲ್ಲಿ ಹಾಕುವುದು ಪದ್ಮಶ್ರೀಯನ್ನಲ್ಲ, ಒಣಗಿದ ಸುರಂಗಗಳ ಸಾಲನ್ನು.

ಮಂಗಳೂರಿನ ಕಿತ್ತಳೆ ವ್ಯಾಪಾರಿ ಹರೇಕಳ ಹಾಜಬ್ಬರ ಕಥೆ ನಿಮಗೆಲ್ಲ ಗೊತ್ತು, ವಿಸ್ತರಿಸುವುದಿಲ್ಲ. ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಕೊಡಲಾಗದೆ ಹೋದದ್ದೇ ಅವರು ತಮ್ಮ ಊರಿಗೆ ಶಾಲೆ ಬೇಕೆಂದು ಹೊರಡಲು ಕಾರಣ. ಇಂಗ್ಲಿಷ್ ಬಾರದ ಆ ಮನುಷ್ಯ ಸರಕಾರಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಶಾಲೆ ಮಾಡಿಸಿಯೇ ಬಿಟ್ಟರು. ಪರವಾನಗಿ, ಜಾಗ, ಹಣ, ಮೇಷ್ಟ್ರುಗಳು. ಇದರಲ್ಲಿ ಯಾವುದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಲ್ಲ, ಹೇಳಿ ನೋಡುವ.

ದೊಡ್ಡವರ ಮಾತು ಸಾಕು. ನಮ್ಮ ಊರ ಬ್ರಹ್ಮಕಲಶಕ್ಕೆ ಬನ್ನಿ. ಆಲಂಕಾರು ಸೀಮೆಯಲ್ಲಿ ದೇವಸ್ಥಾನ, ದೈವಸ್ಥಾನ, ಭಜನಾ ಮಂದಿರಗಳಿಗೆ ಬರವಿಲ್ಲ, ಹಾಗಾಗಿ ನನ್ನ ಪ್ರೆಸ್ಸಿಗೂ ಬದುಕು ಉಂಟು. ಜೀರ್ಣೋದ್ಧಾರ ಎಂದರೆ ಹುಡುಗಾಟಿಕೆ ಅಲ್ಲ. ಪ್ರಶ್ನೆ ಇಡಬೇಕು, ದೇವರನ್ನು ಬಾಲಾಲಯಕ್ಕೆ ಒಯ್ಯಬೇಕು, ಕಲ್ಲಿನವರು, ಮರದವರು, ತಾಮ್ರದವರು. ಕಲ್ಲು ಏರದೆ ಮರ ಏರುವುದಿಲ್ಲ, ಮರ ಏರದೆ ತಾಮ್ರ ಹೊದಿಸಲಾಗದು. ಒಬ್ಬ ತಡ ಮಾಡಿದರೆ ಹಿಂದಿನವರೆಲ್ಲ ತಡ. 1957ರಲ್ಲಿ ಅಮೆರಿಕದ ಡ್ಯುಪಾಂಟ್ ಎಂಬ ಕಂಪೆನಿಯವರು ಈ ಸರಪಳಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅದಕ್ಕೊಂದು ಹೆಸರಿಟ್ಟರು, ಸಮ್ಮೇಳನಗಳಲ್ಲಿ ಅದರ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ನಮ್ಮ ಸಮಿತಿಯ ಕಾರ್ಯದರ್ಶಿ ಅದನ್ನು ರಶೀದಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದುಕೊಂಡಿರುತ್ತಾರೆ! ಅವರಿಗೆ ಒಂದು ಕಷ್ಟ ಹೆಚ್ಚು. ಕಂಪೆನಿಯವರು ದಿನ ಮುಂದೆ ಹಾಕಬಹುದು. ಮುಹೂರ್ತ ಮುಂದೆ ಹೋಗುವುದಿಲ್ಲ.

ಸಮಿತಿಗಳನ್ನು ಎಣಿಸಿ. ಆರ್ಥಿಕ, ವೈದಿಕ, ಚಪ್ಪರ, ಹೊರೆಕಾಣಿಕೆ, ಉಗ್ರಾಣ, ಅಡುಗೆ, ಬಡಿಸುವವರು, ನೀರು, ಪಾರ್ಕಿಂಗ್, ಸ್ವಚ್ಛತೆ, ಪ್ರಚಾರ, ಅದರ ಮೇಲೆ ಬೈಲುವಾರು ಸಮಿತಿಗಳು. ಸಂಬಳ ಇಲ್ಲ, ಹಾಗಾಗಿ ಯಾರನ್ನೂ ಗದರಿಸುವ ಹಾಗೂ ಇಲ್ಲ. ಹೊರೆಕಾಣಿಕೆಯಲ್ಲಿ ಎಷ್ಟು ತೆಂಗಿನಕಾಯಿ, ಎಷ್ಟು ಮುಡಿ ಅಕ್ಕಿ ಬರುತ್ತದೆ ಎಂದು ಮೊದಲೇ ಗೊತ್ತಿಲ್ಲ. ಊಟಕ್ಕೆ ಎಷ್ಟು ಸಾವಿರ ಮಂದಿ ಬರುತ್ತಾರೆ ಎಂದೂ ಗೊತ್ತಿಲ್ಲ. ಆದರೂ ಮಧ್ಯಾಹ್ನದ ಎಲೆಗೆ ಅನ್ನ ಬೀಳುತ್ತದೆ, ಸಂಜೆ ಎಲೆ ತೆಗೆದು ಜಾಗ ಗುಡಿಸಿ ಆಗಿರುತ್ತದೆ. ಅಡುಗೆಯ ಭಟ್ಟರನ್ನು ಒಮ್ಮೆ ಕೇಳಿದೆ, "ಎಷ್ಟು ಜನ ಅಂತ ಹೇಗೆ ಲೆಕ್ಕ ಹಾಕ್ತೀರಿ ಭಟ್ರೇ?" ಅವರು ಹೇಳಿದರು, "ಹತ್ತು ಗಂಟೆಗೆ ಗದ್ದೆಯಲ್ಲಿ ಎಷ್ಟು ಗಾಡಿ ನಿಂತದ್ದು ನೋಡ್ತೇನೆ. ಮತ್ತೆ ಆ ದಿನ ಬೇರೆ ಎಲ್ಲೆಲ್ಲಿ ಮದುವೆ ಉಂಟು ಅಂತ ನಿಮ್ಮ ಪ್ರೆಸ್ಸಿನಲ್ಲಿ ಮೊದಲೇ ಕೇಳಿರ್ತೇನಲ್ಲ!" ನನಗೆ ಗೊತ್ತೇ ಇರಲಿಲ್ಲ, ನಾನೂ ಅವರ ಲೆಕ್ಕದ ಒಂದು ಭಾಗ ಎಂದು.

ಈಗ ನನ್ನ ಪರಿಚಯವನ್ನು ಸರಿಯಾಗಿ ಬರೆಯುತ್ತೇನೆ. ಅವತ್ತು ಕಳಿಸದೆ ಇದ್ದದ್ದನ್ನು ಇಲ್ಲಿ ಓದಿ.

ಪಿಯುಸಿ ಪಾಸು. ಮೊಳೆ ಜೋಡಿಸುವ ಕಾಲ ಮುಗಿಯುತ್ತಾ ಬಂದಾಗ ಪ್ರೆಸ್ಸಿಗೆ ಸೇರಿದವನು, ಟ್ರೆಡಲ್ ತುಳಿದು ಕಲಿತವನು, ಆಮೇಲೆ ಕಂಪ್ಯೂಟರು, ಆಫ್‌ಸೆಟ್. ಮುಗಿಸಿದ ಕೆಲಸಗಳು: ಸಾವಿರಾರು. ಕೆಟ್ಟ ಕೆಲಸ: ಒಂದು ಬ್ರಹ್ಮಕಲಶದ ಆಮಂತ್ರಣ. ಮೂರೂವರೆ ಸಾವಿರ ಪ್ರತಿ, ಎಂಟು ಪುಟ, ನಾಲ್ಕು ಬಣ್ಣ. ಹೆಸರುಗಳ ಪಟ್ಟಿ ಆರು ಸಲ ಬದಲಾಯಿತು, ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಎಂದು. ಆ ಗಲಾಟೆಯಲ್ಲಿ ಹೆಸರು ನೋಡಿದೆ, ಅಕ್ಷರ ನೋಡಿದೆ, ವಾರ ನೋಡಲಿಲ್ಲ. ತಾರೀಕು ಸರಿ, ವಾರ ತಪ್ಪು. ಎಲ್ಲ ಅಚ್ಚಾಗಿ ಮಡಚುವಾಗ ಅದನ್ನು ಕಂಡದ್ದು ನಮ್ಮಲ್ಲಿ ಮಡಚುವ ಕೆಲಸದ ಅಕ್ಕ. "ಅಣ್ಣ, ಅವತ್ತು ಬುಧವಾರ ಅಲ್ವಾ? ನಮ್ಮ ಸಂಘದ ಮೀಟಿಂಗ್ ಉಂಟು ಆ ದಿನ" ಎಂದರು. ನನ್ನ ಕೈಕಾಲು ತಣ್ಣಗಾಯಿತು. ಸಮಿತಿಯವರಿಗೆ ಫೋನು ಮಾಡಿ ತಪ್ಪು ನನ್ನದು ಎಂದೆ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಇಟ್ಟು ಹೊಸ ಕಾಗದ ತಂದೆ, ಪುತ್ತೂರಿನ ಗೆಳೆಯರೊಬ್ಬರ ಮೆಷಿನಿನಲ್ಲಿ ಎರಡು ರಾತ್ರೆ ಕೂತು ಮತ್ತೆ ಅಚ್ಚು ಹಾಕಿಸಿದೆ. ಮೂರನೆಯ ದಿನ ಬೆಳಗ್ಗೆ ಮೊದಲ ಬಸ್ಸಿನ ಡ್ರೈವರು ಬಂಡಲುಗಳನ್ನು ಬೈಲು ಬೈಲಿಗೆ ಇಳಿಸಿ ಕೊಟ್ಟರು, ಬಾಡಿಗೆ ಕೇಳಲಿಲ್ಲ. ಬಳೆ ಬಿಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಅವತ್ತಿನಿಂದ ನಮ್ಮ ಪ್ರೆಸ್ಸಿನಲ್ಲಿ ಪಂಚಾಂಗ ಮತ್ತು ಕ್ಯಾಲೆಂಡರು ಎರಡನ್ನೂ ನೋಡಿ ಆ ಅಕ್ಕ ಸಹಿ ಹಾಕದೆ ಯಾವ ಕಾಗದವೂ ಮೆಷಿನಿಗೆ ಹತ್ತುವುದಿಲ್ಲ. ಅವರು ಓದಿದ್ದು ಏಳನೇ ಕ್ಲಾಸು.

ಇದನ್ನು ಸಭೆಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಆಮೇಲೆ ಇಬ್ಬರು ಬಂದು ತಮ್ಮ ಕಥೆ ಹೇಳಿದರು.

ಕೊನೆಗೆ ಒಂದು ಮುಖ್ಯ ಸಂಗತಿ, ದಯವಿಟ್ಟು ಗಮನವಿಟ್ಟು ಓದಿ. ಹೆಸರಿನ ಹಿಂದೆ ಹಾಕಿಕೊಳ್ಳುವ ಆ ಸರ್ಟಿಫಿಕೇಟು ಉಂಟಲ್ಲ, ಪಿ.ಎಂ.ಪಿ. ಎಂಬುದು, ಅದು ಡಿಗ್ರಿ ಇದ್ದವರಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ಅಲ್ಲ! ಹೈಸ್ಕೂಲು ಮುಗಿಸಿದವರೂ ಅರ್ಜಿ ಹಾಕಬಹುದು. ಪದವೀಧರನಿಗೆ ಮೂರು ವರ್ಷ ಕೆಲಸ ನಡೆಸಿದ ಅನುಭವ ಬೇಕಾದರೆ, ಪದವಿ ಇಲ್ಲದವನಿಗೆ ಐದು ವರ್ಷ, ಜತೆಗೆ 35 ಗಂಟೆಯ ತರಬೇತಿ. ನೋಡಿ, ಅಮೆರಿಕದ ಸಂಸ್ಥೆ ನಮ್ಮ ಮೇಸ್ತ್ರಿಗೆ ಬಾಗಿಲು ತೆರೆದೇ ಇಟ್ಟಿದೆ. ಮತ್ತೆ ತಡೆದದ್ದು ಯಾವುದು? ಭಾಷೆ. ಆ ಪರೀಕ್ಷೆಯನ್ನು ಅರಬ್ಬಿಯಲ್ಲಿ, ಜಪಾನಿಯಲ್ಲಿ, ಕೊರಿಯನ್ನಿನಲ್ಲಿ, ಜರ್ಮನಿನಲ್ಲಿ, ಫ್ರೆಂಚಿನಲ್ಲಿ, ಪೋರ್ಚುಗೀಸಿನಲ್ಲಿ ಓದಿ ಬರೆಯಬಹುದು. ಕನ್ನಡದಲ್ಲಿ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಇದನ್ನು ಯಾರು ಕೇಳಬೇಕು? ಬೆಂಗಳೂರಿನಲ್ಲಿ ಪ್ರತಿವರ್ಷ ವೇದಿಕೆ ಹತ್ತುವವರಲ್ಲಿ ಕನ್ನಡಿಗರು ಎಷ್ಟು ಮಂದಿ ಇದ್ದಾರೆ! ಅವರು ಒಮ್ಮೆ ಕೇಳಿದ್ದಾರೆಯೇ? ನಾನು ಅವರನ್ನು ಬೈಯುತ್ತಿಲ್ಲ. ಅವರ ಕೈಯಲ್ಲಿ ಆಗುವ ಕೆಲಸ ಇದು, ನನ್ನ ಕೈಯಲ್ಲಿ ಆಗುವುದಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಅಲ್ಲಿಯವರೆಗೆ ನನ್ನ ಕೈಯಲ್ಲಿ ಆಗುವುದನ್ನು ಶುರು ಮಾಡಿದ್ದೇನೆ. ಆ ಕಾಲೇಜಿನ ಮೇಷ್ಟ್ರಲ್ಲಿ ಮತ್ತೆ ಹೋಗಿ ಮಾತಾಡಿದೆ. ಮುಂದಿನ ಸಮ್ಮೇಳನದಲ್ಲಿ ಮಧ್ಯಾಹ್ನದ ಒಂದು ಗಂಟೆ ಕನ್ನಡಕ್ಕೆ ಕೊಡಿ, ಕೆಲಸ ಮುಗಿಸಿದ ನಾಲ್ಕು ಮಂದಿಯನ್ನು ನಾವು ಕರೆತರುತ್ತೇವೆ, ಪುಸ್ತಿಕೆಯ ನಾಲ್ಕು ಪುಟ ನನ್ನ ಖರ್ಚಿನಲ್ಲಿ ಎಂದೆ. ಸ್ವಲ್ಪ ಯೋಚಿಸಿ "ಒಂದು ಗಂಟೆ ಅಲ್ವಾ, ಕೊಡುವ" ಎಂದರು. ಹೇಳಿದೆನಲ್ಲ, ಒಳ್ಳೆಯ ಮನುಷ್ಯ. ನಿಮ್ಮ ಊರಿನಲ್ಲಿ ಇಂಥವರು ಇದ್ದರೆ, ಬಾವಿ ತೋಡಿಸಿದವರು, ಸಂತೆ ನಡೆಸುವವರು, ಮೇಳ ಕಟ್ಟಿ ತಿರುಗಾಟ ಮಾಡಿದವರು, ನೆರೆ ಬಂದಾಗ ಊರು ಖಾಲಿ ಮಾಡಿಸಿದವರು, ಅವರ ವಿವರವನ್ನು ಅವರ ಒಪ್ಪಿಗೆ ಕೇಳಿ ಬರೆದು ಆಲಂಕಾರಿಗೆ ತಲುಪಿಸಿ. ಡಿಗ್ರಿ ಬರೆಯಬೇಡಿ ಎನ್ನುವುದಿಲ್ಲ, ಇದ್ದರೆ ಬರೆಯಿರಿ. ಯಾವ ಕೆಲಸ, ಎಷ್ಟು ದಿನ, ಎಷ್ಟು ಮಂದಿ, ಎಲ್ಲಿ ಎಡವಿದರು, ಇಷ್ಟನ್ನು ಬಿಡಬೇಡಿ.

ಮೊದಲ ಕಾರ್ಡು ತಯಾರಾಗಿದೆ, ಆ ಕೊಪ್ಪಳದ ಮೇಸ್ತ್ರಿಯದ್ದು. ಅವರು ಈಗ ಬೇರೆ ಕಡೆ ಕೆಲಸ ಹಿಡಿದಿದ್ದಾರೆ, ಅಲ್ಲಿಗೇ ಪ್ರೂಫ್ ಒಯ್ದು ಕೊಟ್ಟೆ. "ಸಭಾಂಗಣ, ಹದಿನೆಂಟು ಮಂದಿ, ಏಳು ತಿಂಗಳು" ಎಂದು ನಾನು ಹಾಕಿದ್ದೆ. ಕೈಯ ಸಿಮೆಂಟು ಒರೆಸಿಕೊಂಡು, ಬೆರಳಿಟ್ಟು ನಿಧಾನ ಓದಿದರು. ಆಮೇಲೆ ಪೆನ್ನು ಕೇಳಿ ಒಂದು ಕಡೆ ಗೀಟು ಎಳೆದರು.

"ಹತ್ತೊಂಬತ್ತು ಬರೀರಿ ಅಣ್ಣಾರ. ಅಡಿಗಿ ಮಾಡೋ ಹುಡುಗನ್ನ ಬಿಟ್ಟೀರಿ."